ಚೆಲ್ಲೊ, ಸೋದರತ್ತೆ ಮತ್ತು ಕೆಳಮನೆಯ ಯುಪಿಎಸ್

ಚೆಲ್ಲೊ ಅಂದರೆ ಕೂತು, ಮೊಣಕಾಲುಗಳ ನಡುವೆ ಇಟ್ಟುಕೊಂಡು ನುಡಿಸುವ ದೊಡ್ಡ ಪಿಟೀಲು. ಅದರ ತಂತಿಯ ಪೊಟ್ಟಣದ ಮೇಲೆ ಏನೇನೋ ಬರೆದಿರುತ್ತಾರೆ. ಸ್ಟೀಲ್, ಟಂಗ್‌ಸ್ಟನ್, ಲೈಟ್, ಮೀಡಿಯಂ, ಸ್ಟ್ರಾಂಗ್. ಡೆನ್ಮಾರ್ಕಿನ ಜಾರ್ಗರ್‌ನವರಂತೂ ಮೆತ್ತನೆಯದಕ್ಕೆ ಹಸಿರು, ಮಧ್ಯಮಕ್ಕೆ ನೀಲಿ, ಬಿಗಿಯದಕ್ಕೆ ಕೆಂಪು ದಾರ ಸುತ್ತಿ ಕೊಡುತ್ತಾರೆ. ಇಷ್ಟೆಲ್ಲ ಇದ್ದರೂ ‘ತೋಡಿ ರಾಗ ನುಡಿಸುವವರಿಗೆ’ ಅಂತ ಬರೆದ ಪೊಟ್ಟಣ ನನಗಂತೂ ಸಿಕ್ಕಿಲ್ಲ.

ಸಮಸ್ಯೆ ಇರುವುದು ಶ್ರುತಿಯಲ್ಲಿ. ಚೆಲ್ಲೊದ ನಾಲ್ಕು ತಂತಿ ಕೆಳಗಿನಿಂದ ಸಿ, ಜಿ, ಡಿ, ಎ. ಪಿಟೀಲು ಕಲಿತು ಬಂದ ನನ್ನ ಕೈಗೆ ಬೇಕಾದ್ದು ಸ-ಪ-ಸ-ಪ. ಬಿಳಿ ಒಂದರ ಶ್ರುತಿ, ಅಂದರೆ ಹಾರ್ಮೋನಿಯಂನ ಸಿ ಮನೆಯನ್ನೇ ಷಡ್ಜವಾಗಿ ಹಿಡಿದರೆ ಸಿ ಮತ್ತು ಜಿ ಇದ್ದಲ್ಲೇ ಷಡ್ಜ, ಪಂಚಮ. ಮೇಲಿನ ಎರಡನ್ನು ಒಂದೊಂದು ಸ್ವರ ಇಳಿಸಬೇಕು. ಡಿ ಹೋಗಿ ಸಿ ಆಗಬೇಕು, ಎ ಹೋಗಿ ಜಿ ಆಗಬೇಕು. ಬಿರಡೆ ತಿರುಗಿಸಿದರೆ ಆಯ್ತಲ್ಲ ಅನ್ನುತ್ತೀರಿ. ಆಗುತ್ತದೆ. ಆದರೆ ಶ್ರುತಿ 11% ಇಳಿದರೆ ತಂತಿಯ ಬಿಗಿತ 20% ಇಳಿಯುತ್ತದೆ. ಎ ತಂತಿ ಮಾಮೂಲಿಯಾಗಿ ಸುಮಾರು 17 ಕೆ.ಜಿ. ಎಳೆತದಲ್ಲಿ ಇರುತ್ತದೆ. ಅದರಲ್ಲಿ ಮೂರು ಕೆ.ಜಿ.ಗಿಂತ ಜಾಸ್ತಿ ಮಾಯವಾದರೆ ಉಳಿಯುವುದು ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಹಗ್ಗದಂಥದ್ದು. ಕಮಾನು ಸ್ವಲ್ಪ ಒತ್ತಿದರೆ ಸಾಕು, ಪಂಚಮ ಮೇಲಕ್ಕೆ ಜಾರುತ್ತದೆ.

‘ಬಿಳಿ ಎರಡಕ್ಕೆ ಹೋಗಿ ಮಾಮ, ಮೇಲಿನ ಎರಡು ತಂತಿ ಮುಟ್ಟೋದೇ ಬೇಡ’ ಅಂದ ಅಕ್ಕನ ಮಗ. ಎಂಜಿನಿಯರಿಂಗ್ ಓದುತ್ತಿದ್ದಾನೆ. ಹೌದು, ಡಿ ಷಡ್ಜವಾದರೆ ಮೇಲಿನ ಎರಡು ಸರಿಯಾಗಿವೆ. ಕೆಳಗಿನ ಎರಡನ್ನು ಏರಿಸಬೇಕು. ಅಲ್ಲಿ ಬಿಗಿತ 26% ಜಾಸ್ತಿ. ಚೆಲ್ಲೊ ಆಗಲೇ ಅರ್ಧ ಕ್ವಿಂಟಾಲಿಗಿಂತ ಹೆಚ್ಚು ಎಳೆತ ತಡೆದುಕೊಂಡು ನಿಂತಿರುತ್ತದೆ. ನಾನು ಕಾಫಿಗೆ ಎದ್ದು ಹೋಗಿ ಬರುವಷ್ಟರಲ್ಲಿ ಹುಡುಗ ಪ್ರಯೋಗ ಶುರು ಮಾಡಿದ್ದ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ ಬೆರಳುಹಲಗೆಯ ಕಡೆ ವಾಲಿ ನಿಂತಿತ್ತು. ತಂತಿ ತುಂಡಾಗಲಿಲ್ಲ, ಅದು ಅವನ ಪುಣ್ಯ.

ಪಾಶ್ಚಾತ್ಯ ಸಂಗೀತ ಕಲಿಸುವ ಪರಿಚಯದವರೊಬ್ಬರನ್ನು ಕೇಳಿದೆ. ಅವರು ಮುಖ ಸಿಂಡರಿಸಿದರು. ವಾದ್ಯದ ಶ್ರುತಿ ಬದಲಿಸುವುದು ವಾದ್ಯಕ್ಕೆ ಮಾಡುವ ಅವಮಾನವಂತೆ. ಹಾಗಾದರೆ ಜರ್ಮನಿಯ ಸಂಗೀತ ರಚನಕಾರ ಬಾಕ್ ಮಹಾಶಯರನ್ನು ಏನು ಮಾಡೋಣ? ಅವರ ಐದನೇ ಚೆಲ್ಲೊ ಸ್ವೀಟ್‌ಗೆ (ನೃತ್ಯದ ಧಾಟಿಯ ತುಣುಕುಗಳ ಸರಣಿಗೆ) ಎ ತಂತಿಯನ್ನು ಜಿಗೆ ಇಳಿಸಿಕೊಳ್ಳಿ ಅಂತ ಅವರೇ ಬರೆದಿಟ್ಟಿದ್ದಾರೆ. ಸುಮಾರು 300 ವರ್ಷದ ಹಿಂದೆ. ಸಿ-ಜಿ-ಡಿ-ಜಿ. ಇನ್ನೊಂದು ತಂತಿ ಇಳಿಸಿದ್ದರೆ ಪುಣ್ಯಾತ್ಮ ಸ-ಪ-ಸ-ಪಕ್ಕೇ ಬಂದುಬಿಡುತ್ತಿದ್ದ! 1915ರಲ್ಲಿ ಹಂಗೇರಿಯ ಸಂಗೀತ ರಚನಕಾರ ಕೊಡಾಯ್ ಇನ್ನೊಂದು ಕಡೆಯಿಂದ ಹೊರಟು ಕೆಳಗಿನ ಎರಡು ತಂತಿಯನ್ನು ಅರ್ಧರ್ಧ ಸ್ವರ ಇಳಿಸಿದರು. ಇದನ್ನೆಲ್ಲ ಹೇಳಿದ ಮೇಲೆ ಪರಿಚಯದವರು ‘ಅದು ಬೇರೆ’ ಅಂದರು. ಯಾವಾಗಲೂ ಅದು ಬೇರೆಯೇ.

ನೆಟ್ಟಗೆ ಉತ್ತರ ಕೊಟ್ಟವರು ಮೈಸೂರಿನ ನನ್ನ ಸೋದರತ್ತೆ. ವೀಣೆಯವರು. ‘ಸಡಿಲ ಆಗುತ್ತೆ ಅಂದ್ರೆ ದಪ್ಪ ತಂತಿ ಹಾಕ್ಕೊಳೋ. ಇದಕ್ಕೆ ಫೋನ್ ಬೇರೆ ಮಾಡ್ಬೇಕಾ?’ ಅಷ್ಟೇ. ಆಮೇಲೆ ಮುಕ್ಕಾಲು ಗಂಟೆ ಚೌಡಯ್ಯನವರ ಬಗ್ಗೆ ಮಾತಾಡಿದರು. ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಲಿ ಅಂತ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿಕೊಂಡವರು ಅವರು, ನೀನು ನಾಲ್ಕಕ್ಕೇ ಅಳ್ತೀಯಲ್ಲೋ ಅಂತ. ಬೆಂಗಳೂರಲ್ಲಿ ಅವರ ಹೆಸರಿನ ಪಿಟೀಲಿನಾಕಾರದ ಸಭಾಂಗಣವೇ ಇದೆ, 1980ರಿಂದ. ಅದರ ತಂತಿ ಮಳೆ ಬಂದರೂ ಶ್ರುತಿ ತಪ್ಪುವುದಿಲ್ಲ, ಅದೊಂದು ನೆಮ್ಮದಿ.

ಸರಿ, ಅಂಗಡಿಗೆ ಫೋನ್ ಮಾಡಿದೆ. ಇಳಿಸಬೇಕಾದ ಡಿ ಮತ್ತು ಎ ತಂತಿಗಳನ್ನು ಸ್ಟ್ರಾಂಗ್‌ನಲ್ಲಿ ಕೊಡಿ, ಸಿ ಮತ್ತು ಜಿ ಮಾಮೂಲಿ ಇರಲಿ ಅಂತ ಬಿಡಿಸಿ ಹೇಳಿದೆ. ‘ಯಾವ ಟ್ಯೂನಿಂಗ್ ಸಾರ್?’ ಅಂತ ಹುಡುಗ ಆಸಕ್ತಿಯಿಂದ ಕೇಳಿದ. ಸಿ-ಜಿ-ಸಿ-ಜಿ ಅಂದೆ. ಪಾರ್ಸಲ್ ಬಿಚ್ಚಿದರೆ ಎರಡು ಸಿ ತಂತಿ, ಎರಡು ಜಿ ತಂತಿ. ಫೋನ್ ಮಾಡಿದರೆ, ‘ಸಾರ್, ನೀವೇ ಹೇಳಿದ್ರಲ್ಲ, ಸಿ-ಜಿ-ಸಿ-ಜಿ.’ ಒಂದೇ ಸ್ಥಾಯಿಯ ಎರಡು ಮಂದ್ರ ಷಡ್ಜ, ಎರಡು ಮಂದ್ರ ಪಂಚಮ. ಚೆಲ್ಲೊದ ಒಳ್ಳೆಯ ಸೆಟ್ಟಿಗೆ 20 ಸಾವಿರ ದಾಟುತ್ತದೆ. ಟಂಗ್‌ಸ್ಟನ್ ಸುತ್ತಿದ ಸಿ ತಂತಿ ಅದರಲ್ಲಿ ದುಬಾರಿಯದು. ಅದು ಎರಡು! ವಾಪಸ್ ತೆಗೆದುಕೊಳ್ಳುವ ಬಗ್ಗೆ ಅಂಗಡಿಯವರದ್ದು ದೀರ್ಘ ಮೌನ. ಕೊನೆಗೆ ಸ್ಟ್ರಾಂಗ್ ಡಿ, ಎ ಬಂದವು, ಬೇರೆ ದುಡ್ಡಿಗೆ.

ಹೊಸ ತಂತಿ ಹಾಕುವಾಗ ಒಂದನ್ನು ಬಿಚ್ಚಿ, ಇನ್ನೊಂದನ್ನು ಕಟ್ಟಿ, ಆಮೇಲೆ ಮುಂದಿನದು. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಕುದುರೆ ಬೀಳುತ್ತದೆ, ಒಳಗೆ ಮೇಲ್ಹಲಗೆಗೆ ಆಸರೆಯಾಗಿ ನಿಂತ ಸೌಂಡ್ ಪೋಸ್ಟ್ ಎಂಬ ಕಡ್ಡಿ ಕೂಡ ಉರುಳಬಹುದು. ಅದಕ್ಕೇ ಅಕ್ಕನ ಮಗನನ್ನು ಅವತ್ತು ತರಕಾರಿ ತರಲು ಕಳಿಸಿದ್ದೆ.

ಸ್ಟ್ರಾಂಗ್ ತಂತಿ ಹಾಕಿದರೂ ಹೋದ ಬಿಗಿತವೆಲ್ಲ ವಾಪಸ್ ಬರುವುದಿಲ್ಲ, ಸ್ವಲ್ಪ ಬರುತ್ತದೆ. ಪಂಚಮ ಜಾರುವುದು ನಿಂತಿತು. ಆದರೆ ಮಧ್ಯಮದಲ್ಲಿ ತೋಳ ಕೂತಿತ್ತು. ಚೆಲ್ಲೊ ನುಡಿಸುವವರು ಅದನ್ನು ವುಲ್ಫ್ ನೋಟ್ ಅನ್ನುತ್ತಾರೆ. ವಾದ್ಯದ ಮೈ ತನ್ನದೇ ಒಂದು ಸ್ವರಕ್ಕೆ ಜೋರಾಗಿ ಅದುರುತ್ತದೆ, ತಂತಿಯೂ ಅದೇ ಸ್ವರಕ್ಕೆ ಬಂದರೆ ಇಬ್ಬರೂ ಜಗಳಕ್ಕೆ ಬಿದ್ದು ಗರಗರ ಅನ್ನುತ್ತಾರೆ. ಬಹಳ ಚೆಲ್ಲೊಗಳಲ್ಲಿ ಅದು ಎಫ್ ಆಸುಪಾಸು. ನನ್ನ ಬಿಳಿ ಒಂದರ ಶ್ರುತಿಗೆ ಎಫ್ ಅಂದರೆ ಶುದ್ಧ ಮಧ್ಯಮ, ಅದರ ಪಕ್ಕದ್ದು ಪ್ರತಿ ಮಧ್ಯಮ. ಶುದ್ಧ ಮಧ್ಯಮದ ಶಂಕರಾಭರಣಕ್ಕೆ ಹೋದರೂ ಗರಗರ, ಪ್ರತಿ ಮಧ್ಯಮದ ಕಲ್ಯಾಣಿಗೆ ಹೋದರೂ ಗರಗರ. ಕುದುರೆಯ ಕೆಳಗೆ ತಂತಿಗೆ ಸಿಕ್ಕಿಸುವ ಪುಟ್ಟ ಹಿತ್ತಾಳೆ ಕೊಳವೆ ಸಿಗುತ್ತದೆ, ಅದು ತೋಳವನ್ನು ಸ್ವಲ್ಪ ಸುಮ್ಮನಿರಿಸುತ್ತದೆ. ಅದನ್ನು ಅದೇ ಅಂಗಡಿಯಿಂದ ತರಿಸುವ ಧೈರ್ಯ ಬರಲಿಲ್ಲ. ‘ಮೋಹನ ನುಡಿಸು, ಹಂಸಧ್ವನಿ ನುಡಿಸು. ಮಧ್ಯಮಾನೇ ಇಲ್ಲ’ ಅಂದರು ಅತ್ತೆ.

ಅತ್ತೆ ಆ ವಾರ ನಮ್ಮ ಮನೆಯಲ್ಲೇ ಇದ್ದರು. ಒಂದು ಸಂಜೆ ಮಳೆ ಬಂದು ಕರೆಂಟ್ ಹೋಯಿತು. ಕೆಳಮನೆಯ ರಾಯರ ಹಳೇ ಯುಪಿಎಸ್ ಗುಂಯ್ ಅಂತ ಶುರುವಾಯಿತು. ನಮ್ಮ ದೇಶದ ಕರೆಂಟು 50 ಹರ್ಟ್ಸ್, ಅದರ ಟ್ರಾನ್ಸ್‌ಫಾರ್ಮರ್ ಗುಂಯ್ಗುಡುವುದು ಅದರ ಎರಡರಷ್ಟು, 100. ನನ್ನ ಮಂದ್ರ ಪಂಚಮ 98. ಎರಡೂ ಸೇರಿ ಸೆಕೆಂಡಿಗೆ ಎರಡು ಸಲ ವೊಂಯ್, ವೊಂಯ್ ಅಂತ ಅಲೆ ಏಳತೊಡಗಿತು. ನಾನು ಬಾಗಿಲು ಕಿಟಕಿ ಮುಚ್ಚಿ, ಮತ್ತೆ ಪಂಚಮ ಎಳೆದೆ. ವೊಂಯ್, ವೊಂಯ್.

ಅತ್ತೆ ಕಣ್ಣು ಮುಚ್ಚಿ ಕೇಳಿ, ‘ಯುಪಿಎಸ್ ಶ್ರುತಿ ಸ್ಥಿರವಾಗಿದೆ ಕಣೋ. ನೀನೇ ಅದಕ್ಕೆ ಸೇರ್ಕೋ’ ಅಂದರು. ಫೈನ್ ಟ್ಯೂನರ್ ಸ್ವಲ್ಪ ಸ್ವಲ್ಪವೇ ತಿರುಗಿಸಿ ಪಂಚಮವನ್ನು 100ಕ್ಕೆ ತಂದೆ. ಅಲೆ ನಿಧಾನವಾಗಿ ನಿಂತುಹೋಯಿತು. ಉಳಿದ ಮೂರನ್ನೂ ಅದಕ್ಕೆ ಸೇರಿಸಿದೆ. ಎಲ್ಲ ತಂತಿಯ ಬಿಗಿತ ಇನ್ನೊಂದು 4% ಹೆಚ್ಚಿತು, ಅದೂ ಪುಕ್ಕಟೆ. ಮೋಹನ ಚೆನ್ನಾಗಿಯೇ ಬಂತು.

ಮರುದಿನ ಲಿಫ್ಟಿನಲ್ಲಿ ರಾಯರು ಸಿಕ್ಕರು. ಯುಪಿಎಸ್ ವಿಚಿತ್ರವಾಗಿ ಬಡಿದುಕೊಳ್ಳುತ್ತಿತ್ತಂತೆ. ಗಾಬರಿಯಾಗಿ ಮೂಲೆಮನೆಯ ಎಲೆಕ್ಟ್ರಿಷಿಯನ್‌ನ ಕರೆಸಿದ್ದರಂತೆ. ಅವನು ಟಾರ್ಚ್ ಹಿಡಿದು ಹಿಂದುಗಡೆ ಒಂದು ಸ್ಕ್ರೂ ಬಿಗಿ ಮಾಡಿದ, ಅಲ್ಲಿಗೆ ನಿಂತುಹೋಯಿತಂತೆ.

‘ಅರ್ಥಿಂಗ್ ಲೂಸ್ ಇತ್ತು ಸಾರ್’ ಅಂದರು ರಾಯರು. ‘ಐನೂರು ತಗೊಂಡ. ಆದ್ರೆ ಕೆಲಸ ಬಲ್ಲವನು.’