ನಡುಗಂಬ ಇಲ್ಲದ ಕಾರುಗಳು

ಮನೆ ಮುಂದೆ ನಿಂತಿರುವ ನಿಮ್ಮ ಕಾರನ್ನು ಒಮ್ಮೆ ಪಕ್ಕದಿಂದ ನೋಡಿ. ಮುಂದಿನ ಬಾಗಿಲು ಮತ್ತು ಹಿಂದಿನ ಬಾಗಿಲಿನ ಗ್ಲಾಸುಗಳ ನಡುವೆ ಒಂದು ಕಪ್ಪು ಪಟ್ಟಿ ಇರಬಹುದು. ಎಷ್ಟೋ ಕಾರುಗಳ ಬೇಸ್ ಮಾಡೆಲ್‌ನಲ್ಲಿ ಆ ಜಾಗ ಬಾಡಿ ಬಣ್ಣದಲ್ಲೇ ಇರುತ್ತದೆ. ದುಡ್ಡು ಜಾಸ್ತಿ ಕೊಟ್ಟು ಟಾಪ್ ಮಾಡೆಲ್ ತಗೊಂಡವರಿಗೆ ಕಪ್ಪು ಟೇಪ್ ಹಾಕಿ ಕೊಡುತ್ತಾರೆ. ಬೇಸ್ ಮಾಡೆಲ್ ತಗೊಂಡವರು ಶೋರೂಮಿನಿಂದ ಸೀದಾ ಆಕ್ಸೆಸರಿ ಅಂಗಡಿಗೆ ಹೋಗಿ ಅದನ್ನೇ ಅಂಟಿಸಿಕೊಳ್ಳುತ್ತಾರೆ. ಯಾಕೆ ಅಂದ್ರೆ "ಲುಕ್ ಬರುತ್ತೆ ಸಾರ್" ಅನ್ನುತ್ತಾರೆ.

ಏನು ಲುಕ್ ಅದು? ನಡುವಿನ ಕಂಬ ಕಣ್ಣಿಗೆ ಬೀಳಬಾರದು. ಮುಂದಿನಿಂದ ಹಿಂದಿನ ತನಕ ಒಂದೇ ಕಿಟಕಿ ಅನ್ನಿಸಬೇಕು. ಈ ಆಸೆಗೆ ಎಪ್ಪತ್ತು ವರ್ಷ ಮೀರಿದ ಚರಿತ್ರೆ ಇದೆ. ಆಗ ಟೇಪ್ ಹಾಕಿ ಮುಚ್ಚುತ್ತಿರಲಿಲ್ಲ, ಕಂಬವನ್ನೇ ತೆಗೆದುಬಿಟ್ಟಿದ್ದರು. ಆ ಕಾರುಗಳಿಗೆ ಹಾರ್ಡ್‌ಟಾಪ್ ಅಂತ ಹೆಸರು.

ಕಂಬ ತೆಗೆಯುವ ಪ್ರಯತ್ನ ಅದಕ್ಕೂ ಮೊದಲೇ ನಡೆದಿತ್ತು. ಇಟಲಿಯ ಲಾನ್ಸಿಯಾ ಅಪ್ರೀಲಿಯಾ 1930ರ ದಶಕದಲ್ಲೇ ಹಾಗಿತ್ತು, ಎರಡು ಬಾಗಿಲು ಎದುರುಬದುರಾಗಿ ತೆರೆದರೆ ಮಧ್ಯೆ ಏನೂ ಇಲ್ಲ. ಆದರೆ ಜನ ಹುಚ್ಚೆದ್ದು ಕೊಂಡಿದ್ದು ಅಮೆರಿಕದಲ್ಲಿ. 1949ರಲ್ಲಿ ಜನರಲ್ ಮೋಟಾರ್ಸ್ ಒಟ್ಟಿಗೆ ಮೂರು ಕಾರು ಬಿಟ್ಟಿತು: ಬ್ಯೂಕ್ ರೋಡ್‌ಮಾಸ್ಟರ್ ರಿವಿಯೆರಾ, ಕ್ಯಾಡಿಲಾಕ್ ಕೂಪ್ ಡಿ ವಿಲ್, ಓಲ್ಡ್ಸ್‌ಮೊಬೈಲ್ 98 ಹಾಲಿಡೇ. ಇದರ ಹಿಂದೆ ಒಂದು ಕಥೆ ಹೇಳುತ್ತಾರೆ. ಬ್ಯೂಕ್‌ನ ದೊಡ್ಡ ಅಧಿಕಾರಿ ಎಡ್ವರ್ಡ್ ರ‍್ಯಾಗ್ಸ್‌ಡೇಲ್ ಅವರ ಹೆಂಡತಿಗೆ ಟಾಪ್ ಮಡಚುವ ಕನ್ವರ್ಟಿಬಲ್ ಕಾರೇ ಬೇಕಂತೆ. ಆದರೆ ಕೂದಲು ಕೆಡುತ್ತೆ ಅಂತ ಒಂದು ದಿನವೂ ಆಕೆ ಟಾಪ್ ಇಳಿಸುತ್ತಿರಲಿಲ್ಲವಂತೆ. ಕಥೆ ಎಷ್ಟು ನಿಜವೋ, ಗಿರಾಕಿಯ ಮನಸ್ಸನ್ನು ಮಾತ್ರ ಸರಿಯಾಗಿ ಹಿಡಿದಿದೆ. ಕನ್ವರ್ಟಿಬಲ್‌ನ ಗತ್ತು ಬೇಕು, ಬಿಸಿಲು ಮಳೆ ಬೇಡ. ಹಾಗಾಗಿ ಕನ್ವರ್ಟಿಬಲ್‌ನ ಗಟ್ಟಿ ಬುಡದ ಮೇಲೆ ಉಕ್ಕಿನ ಚಾವಣಿ ಕೂರಿಸಿದರು. ಮರುವರ್ಷ ಷೆವ್ರೊಲೆ ಬೆಲ್ ಏರ್ ಬಂತು, 1951ರಲ್ಲಿ ಫೋರ್ಡ್ ವಿಕ್ಟೋರಿಯಾ. ಶ್ರೀಮಂತರ ಶೋಕಿ ಎರಡೇ ವರ್ಷದಲ್ಲಿ ಸಂಬಳದಾರರ ಕೈಗೂ ಸಿಕ್ಕಿತು.

ಇಲ್ಲಿವರೆಗೆ ಎಲ್ಲ ಎರಡು ಬಾಗಿಲಿನ ಕಾರುಗಳು. 1955ರಲ್ಲಿ ಬ್ಯೂಕ್, ಓಲ್ಡ್ಸ್‌ಮೊಬೈಲ್‌ನವರು ನಾಲ್ಕು ಬಾಗಿಲಿನಲ್ಲೂ ಕಂಬ ಕಿತ್ತರು. ಮುಂದಿನ ವರ್ಷ ಉಳಿದವರೆಲ್ಲ ಹಿಂದೆ ಬಿದ್ದರು. ರ‍್ಯಾಂಬ್ಲರ್‌ನವರಂತೂ ಹಿಂದೆ ಸಾಮಾನಿಗೆ ಉದ್ದ ಜಾಗ ಇರುವ ಸ್ಟೇಷನ್ ವ್ಯಾಗನ್ನನ್ನೂ ಬಿಡಲಿಲ್ಲ!

ನಾಲ್ಕು ಬಾಗಿಲಿನಲ್ಲಿ ಇದು ಎಷ್ಟು ಕಷ್ಟ ಅಂತ ಸ್ವಲ್ಪ ಯೋಚಿಸಿ. ತೊಟ್ಟಿಮನೆಯ ನಡುಗಂಬ ತೆಗೆದು ಮಾಡು ನಿಲ್ಲಿಸಿದ ಹಾಗೆ. ಹಿಂದಿನ ಬಾಗಿಲಿನ ಕೀಲು ಎಲ್ಲಿ ಹಾಕೋದು? ಮುಂದಿನ ಬಾಗಿಲಿನ ಲಾಕ್ ಎಲ್ಲಿ ಕೂರಿಸೋದು? ಕಿಟಕಿಯ ಕೆಳಗಿನ ಅಂಚಿಗೇ ನಿಲ್ಲುವ ಒಂದು ಮೋಟು ಕಂಬ ಇಟ್ಟು, ಎರಡನ್ನೂ ಅದಕ್ಕೇ ಸಿಕ್ಕಿಸಿದರು. ಅದರ ಮೇಲೆ ಬರೀ ಗಾಳಿ. ಗ್ಲಾಸಿನ ಸುತ್ತ ಫ್ರೇಮ್ ಇಲ್ಲ. ಮುಂದಿನ ಗ್ಲಾಸು ಹಿಂದಿನ ಗ್ಲಾಸಿಗೆ ಅಂಚಿಗೆ ಅಂಚು ತಾಗಿ ನಿಲ್ಲಬೇಕು, ಮಧ್ಯೆ ಒಂದು ರಬ್ಬರ್ ಬೀಡಿಂಗ್. ಮೇಲೆ ಚಾವಣಿ ಅಂಚಿನ ರಬ್ಬರಿಗೆ ಒತ್ತಿ ಕೂರಬೇಕು. ಕೂದಲೆಳೆ ಆಚೀಚೆ ಆದರೂ ಗಾಳಿ ಶಿಳ್ಳೆ ಹೊಡೆಯುತ್ತದೆ, ಮಳೆಗಾಲದಲ್ಲಿ ತೊಡೆ ಮೇಲೆ ನೀರು.

ಬೆಂಗಳೂರಿನಲ್ಲಿ ಹಳೇ ಕಾರುಗಳ ಪ್ರದರ್ಶನ ಒಂದರಲ್ಲಿ ಇಂಥ ಕಾರಿನ ಬಾಗಿಲು ಕೂರಿಸುವುದನ್ನು ಹತ್ತಿರದಿಂದ ನೋಡಿದ್ದೆ. ಒಳಗಿನ ಪ್ಯಾನೆಲ್ ಬಿಚ್ಚಿ ಇಟ್ಟಿದ್ದರು. ಮೆಕ್ಯಾನಿಕ್ ಗ್ಲಾಸ್ ಪೂರ್ತಿ ಏರಿಸಿ, ಅಂಚಿನಲ್ಲಿ ಒಂದು ಕಾಗದದ ಚೂರು ಇಟ್ಟು, ಬಾಗಿಲು ಹಾಕಿ ಎಳೆದು ನೋಡುತ್ತಿದ್ದರು. ಕಾಗದ ಸಲೀಸಾಗಿ ಬಂದರೆ ಅಲ್ಲಿ ಗ್ಯಾಪ್ ಇದೆ ಅಂತ. ಮತ್ತೆ ಬೋಲ್ಟ್ ಸಡಿಲಿಸು, ಒಂದಿಷ್ಟು ಒಳಕ್ಕೆ ವಾಲಿಸು, ಮತ್ತೆ ಕಾಗದ. "ಎಂಜಿನ್ ಕೆಲಸ ಬೇಕಾದ್ರೆ ಕೊಡಿ ಸಾರ್, ಈ ಗ್ಲಾಸಿನ ಸಹವಾಸ ಬೇಡ" ಅಂದರು. ಹೊಸದಾಗಿದ್ದಾಗ ಕಾರ್ಖಾನೆಯಲ್ಲೂ ಯಾರೋ ಇದೇ ಗೋಳು ಪಟ್ಟಿರಬೇಕು, ಅದೂ ಸಾವಿರಾರು ಕಾರುಗಳಿಗೆ.

ಆಮೇಲೆ ಅದೇ ಕಾರಿನ ನಾಲ್ಕೂ ಗ್ಲಾಸ್ ಇಳಿಸಿದರು. ಅಲ್ಲಿಗೆ ಮಾತು ಮುಗಿಯಿತು. ಪಕ್ಕದಲ್ಲಿ ನಿಂತರೆ ಕಾರಿನ ಆ ಕಡೆ ನಿಂತವರು ಸೊಂಟದಿಂದ ತಲೆವರೆಗೆ ಕಾಣುತ್ತಾರೆ, ಮಧ್ಯೆ ಒಂದು ಗೆರೆಯೂ ಅಡ್ಡ ಇಲ್ಲ. ಚಾವಣಿ ತನ್ನಷ್ಟಕ್ಕೆ ತೇಲುತ್ತಿದೆ ಅನ್ನಿಸುತ್ತದೆ. ಫೋಟೋದಲ್ಲಿ ಇದು ಅರ್ಧಕ್ಕರ್ಧ ತಿಳಿಯಲ್ಲ. 1959ರ ಷೆವ್ರೊಲೆ ಇಂಪಾಲ ಸ್ಪೋರ್ಟ್ ಸೆಡಾನ್ ಗೊತ್ತಲ್ವಾ? ಹಲಗೆಯಷ್ಟು ಚಪ್ಪಟೆ ಚಾವಣಿ, ಹಿಂದೆ ಪಕ್ಕದವರೆಗೂ ಸುತ್ತಿ ಬಂದ ಗಾಜು. ಅಷ್ಟು ದೊಡ್ಡ ಕಾರು, ಗ್ಲಾಸ್ ಇಳಿಸಿದ ತಕ್ಷಣ ಹಗುರಾಗಿಬಿಡುತ್ತದೆ.

(ಒಂದು ಮಾತು. ರಾಯಭಾರ ಕಚೇರಿಗಳಿಂದ, ಸರ್ಕಾರಿ ಹರಾಜಿನಿಂದ ಆಗ ನಮ್ಮ ದೇಶದೊಳಕ್ಕೆ ಬಂದ ಎಲ್ಲ ಇಂಪಾಲಗಳೂ ಹಾರ್ಡ್‌ಟಾಪ್ ಅಲ್ಲ. ಕಂಬ ಇರುವ ಮಾಮೂಲಿ ಸೆಡಾನ್ ಕೂಡ ಅದೇ ಹೆಸರಲ್ಲಿ ಬರುತ್ತಿತ್ತು. ಮಾರುವವರು ಏನೇ ಹೇಳಲಿ, ಬಾಗಿಲು ತೆಗೆದು ಗ್ಲಾಸಿನ ಸುತ್ತ ಫ್ರೇಮ್ ಇದೆಯಾ, ಕಂಬ ಚಾವಣಿ ತನಕ ಹೋಗಿದೆಯಾ ಅಂತ ನೋಡಿಯೇ ಅಡ್ವಾನ್ಸ್ ಕೊಡಿ.)

ಇಷ್ಟು ಚೆಂದದ್ದು ಹೋಗಿದ್ದು ಯಾಕೆ? ಕಾರುಪ್ರಿಯರ ಯಾವ ಗುಂಪಿನಲ್ಲಿ ಕೇಳಿದರೂ ಒಂದೇ ಉತ್ತರ: "ಸರ್ಕಾರದ ಸೇಫ್ಟಿ ರೂಲ್ಸ್ ಬಂದು ಸಾಯಿಸಿತು." ನಾನು ಇದನ್ನು ಒಪ್ಪಲ್ಲ. ಕನಿಷ್ಠ ಪೂರ್ತಿ ಒಪ್ಪಲ್ಲ.

ಅಮೆರಿಕದಲ್ಲಿ ಚಾವಣಿ ಎಷ್ಟು ಭಾರ ತಡೆಯಬೇಕು ಅನ್ನುವ ನಿಯಮ ಜಾರಿಗೆ ಬಂದಿದ್ದು 1973ರ ಸೆಪ್ಟೆಂಬರ್‌ನಲ್ಲಿ. ಕಾರಿನ ತೂಕದ ಒಂದೂವರೆ ಪಟ್ಟು ಒತ್ತಡ ತಾಳಬೇಕು ಅಂತ, ಅದಕ್ಕೂ 5,000 ಪೌಂಡಿನ ಮಿತಿ ಇತ್ತು. ಆಮೇಲೂ ಜನರಲ್ ಮೋಟಾರ್ಸ್ ನಾಲ್ಕು ಬಾಗಿಲಿನ ದೊಡ್ಡ ಹಾರ್ಡ್‌ಟಾಪ್‌ಗಳನ್ನು 1976ರವರೆಗೆ ಮಾರಿತು. ಕ್ರೈಸ್ಲರ್‌ನವರ ನ್ಯೂಪೋರ್ಟ್, ನ್ಯೂಯಾರ್ಕರ್ 1978ರವರೆಗೂ ಇದ್ದವು. ಅಂದರೆ ಆ ನಿಯಮ ಪಾಸ್ ಮಾಡಲು ಆಗುತ್ತಿತ್ತು. ನಿಯಮ ಹೆದರಿಸಿದ್ದು ನಿಜ. ಕಾರು ಮಗುಚಿ ಬೀಳುವ ಪರೀಕ್ಷೆ ಇನ್ನೂ ಬಿಗಿಯಾಗಬಹುದು ಅಂತ ಕಂಪನಿಗಳು ಮುಂಚೆಯೇ ಹಿಂದೆ ಸರಿದವು. ಜನರಲ್ ಮೋಟಾರ್ಸ್ 1973ರ ಮಧ್ಯಮ ಗಾತ್ರದ ಕಾರುಗಳಿಗೆಲ್ಲ ಕಂಬ ಹಾಕಿಬಿಟ್ಟಿತು. ಆದರೆ ಹೆದರಿಕೆ ಒಂದೇ ಕಾರಣ ಆಗಿದ್ದರೆ ಗಿರಾಕಿಗಳು ಗಲಾಟೆ ಮಾಡಬೇಕಿತ್ತು. ಮಾಡಲಿಲ್ಲ. ಯಾಕಂದ್ರೆ ಅಷ್ಟರಲ್ಲಿ ಅವರು ಗ್ಲಾಸ್ ಇಳಿಸುವುದನ್ನೇ ಬಿಟ್ಟಿದ್ದರು.

ನನ್ನ ಪ್ರಕಾರ ಹಾರ್ಡ್‌ಟಾಪ್‌ನ ನಿಜವಾದ ವೈರಿ ಏಸಿ. 70ರ ದಶಕದ ಹೊತ್ತಿಗೆ ಅಮೆರಿಕದ ಕಾರುಗಳಲ್ಲಿ ಏಸಿ ಮಾಮೂಲಾಯಿತು. ಗ್ಲಾಸ್ ಏರಿಸಿಕೊಂಡೇ ಓಡಾಡುವವನಿಗೆ ಕಂಬ ಇದ್ದರೆಷ್ಟು, ಬಿಟ್ಟರೆಷ್ಟು? ಅವನಿಗೆ ಬೇಕಿದ್ದು ಗಾಳಿ ಸದ್ದು ಇಲ್ಲದ ಕ್ಯಾಬಿನ್. ಅದರಲ್ಲಿ ಹಾರ್ಡ್‌ಟಾಪ್ ಯಾವತ್ತೂ ಫೇಲ್. ಅದೇ ಹೊತ್ತಿಗೆ ವೈನಿಲ್ ಹೊದಿಸಿದ ದಪ್ಪ ಚಾವಣಿ, ಹಿಂದೆ ತೆರೆಯಲಾಗದ ಪುಟ್ಟ ಕಿಟಕಿ, ಇದೇ ಐಷಾರಾಮ ಅನ್ನೋ ಫ್ಯಾಷನ್ ಬಂತು. ಹಾರ್ಡ್‌ಟಾಪ್ ಶುರು ಮಾಡಿದ ಮೂರರಲ್ಲಿ ಒಂದಾದ ಕೂಪ್ ಡಿ ವಿಲ್‌ಗೇ 1974ರಲ್ಲಿ ಅಗಲವಾದ ಕಂಬ, ಇಳಿಯದ ಹಿಂದಿನ ಗಾಜು ಬಂದವು. ಗಿರಾಕಿ ಅದನ್ನು ಖುಷಿಯಾಗಿಯೇ ಕೊಂಡ. ಫೋರ್ಡ್‌ನವರಂತೂ ಫ್ರೇಮ್ ಇಲ್ಲದ ಗ್ಲಾಸಿನ ಹಿಂದೆ ಸಣ್ಣ ಕಂಬ ಬಚ್ಚಿಟ್ಟು "ಪಿಲ್ಲರ್ಡ್ ಹಾರ್ಡ್‌ಟಾಪ್" ಅಂತ ಮಾರಿದರು. ಟೇಪ್ ಅಂಟಿಸುವ ಬುದ್ಧಿ ಅಲ್ಲಿಂದಲೇ ಶುರು ಅನ್ನಿ.

ಸೇಫ್ಟಿ ವಿಷಯವನ್ನು ತಳ್ಳಿಹಾಕುತ್ತಿಲ್ಲ. ಕಂಬ ಇಲ್ಲದ ಕಡೆ ದೊಡ್ಡ ತಲೆನೋವು ಸೀಟ್ ಬೆಲ್ಟ್. ಭುಜದ ಬೆಲ್ಟ್ ಮೇಲುಗಡೆ ಎಲ್ಲಿಗೆ ಕಟ್ಟೋದು? 1968ರಿಂದ ಅಮೆರಿಕದಲ್ಲಿ ಮುಂದಿನ ಸೀಟಿಗೆ ಭುಜದ ಬೆಲ್ಟ್ ಬೇಕೇ ಬೇಕಾಯಿತು. ಹಾರ್ಡ್‌ಟಾಪ್‌ಗಳಲ್ಲಿ ಅದನ್ನು ಚಾವಣಿ ಅಂಚಿಗೆ ಕ್ಲಿಪ್ ಹಾಕಿ ನೇತುಹಾಕಿದರು. ಹೆಚ್ಚಿನವರು ಮುಟ್ಟಲೇ ಇಲ್ಲ. ಪಕ್ಕದಿಂದ ಲಾರಿ ಗುದ್ದಿದರೆ ಆ ಮೋಟು ಕಂಬ ಏನು ತಡೆದೀತು? ನಾಲ್ಕು ಬಾಗಿಲಿನ ಹಳೇ ಹಾರ್ಡ್‌ಟಾಪ್‌ನಲ್ಲಿ ಮಕ್ಕಳನ್ನು ಕೂರಿಸಿಕೊಂಡು ತುಮಕೂರು ಹೈವೇಗೆ ಹೋಗು ಅಂದ್ರೆ ನಾನು ಹೋಗಲ್ಲ. ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕ್ ಸುತ್ತ ಒಂದು ರೌಂಡ್, ಗ್ಲಾಸ್ ಇಳಿಸಿಕೊಂಡು? ಈಗಲೇ ರೆಡಿ.

ಜಪಾನಿನವರು ಇದನ್ನು ಇನ್ನೂ ಹದಿನೈದು ವರ್ಷ ಎಳೆದರು. ನಿಸ್ಸಾನ್ ಸೆಡ್ರಿಕ್‌ನಂಥ ದೊಡ್ಡ ಕಾರುಗಳಲ್ಲೂ ಇತ್ತು. 1985ರ ಟೊಯೊಟಾ ಕರೀನಾ ಇಡಿ ಕೂಡ ಕಂಬ ಇಲ್ಲದ, ತೀರಾ ತಗ್ಗಾದ ನಾಲ್ಕು ಬಾಗಿಲಿನ ಕಾರು. ಒಳಗೆ ತಲೆಗೆ ಜಾಗ ಇಲ್ಲ, ಆದರೂ ಮುಗಿಬಿದ್ದು ಕೊಂಡರು. 90ರ ದಶಕದಲ್ಲಿ ಅಲ್ಲೂ ಮುಗಿಯಿತು.

ಎರಡು ಬಾಗಿಲಿನದು, ಅಂದರೆ ಕೂಪೆ, ಉಳಿದಿದ್ದು ಜರ್ಮನಿಯಲ್ಲಿ. ಈ ಕಾರಣಕ್ಕೆ ಮರ್ಸಿಡಿಸ್‌ನವರ ಮೇಲೆ ನನಗೆ ಗೌರವ. 1981ರ ಎಸ್‌ಇಸಿ ಕೂಪೆಯಲ್ಲಿ ಬೆಲ್ಟಿನ ಸಮಸ್ಯೆಯನ್ನು ಬಿಡಿಸಿದ ರೀತಿ ನೋಡಿ. ಕಂಬ ಇಲ್ಲದ್ದಕ್ಕೆ ಬೆಲ್ಟ್ ತೀರಾ ಹಿಂದೆ ಉಳಿಯುತ್ತದೆ. ಅದಕ್ಕೇ ಒಂದು ಪುಟ್ಟ ಮೋಟಾರ್ ಕೈ, ಬಾಗಿಲು ಹಾಕಿದ ಮೇಲೆ ಬೆಲ್ಟನ್ನು ಭುಜದ ಹತ್ತಿರ ತಂದು ಕೊಡುತ್ತದೆ. ಕಂಬ ಬೇಡ ಅಂತ ಹಟ ಹಿಡಿದವರು ದುಡ್ಡು ಸುರಿದು ದಾರಿ ಹುಡುಕಿದರು. 2009ರಲ್ಲಿ ಅಮೆರಿಕ ಚಾವಣಿ ನಿಯಮವನ್ನು ತೂಕದ ಮೂರು ಪಟ್ಟಿಗೆ ಏರಿಸಿತು. ಅದೇ ವರ್ಷ ಬಂದ ಇ-ಕ್ಲಾಸ್ ಕೂಪೆಯಲ್ಲೂ ಕಂಬ ಇರಲಿಲ್ಲ. ಗಟ್ಟಿ ಉಕ್ಕು ಇದೆ, ಎಂಜಿನಿಯರ್‌ಗಳಿದ್ದಾರೆ. ಆಗಲ್ಲ ಅನ್ನೋದು ಸುಮ್ನೆ ಮಾತು.

ಅಂಥವರೇ 2023ರಲ್ಲಿ ಕೈಚೆಲ್ಲಿದರು. ಇ-ಕ್ಲಾಸ್ ಕೂಪೆಯ ಜಾಗಕ್ಕೆ ಬಂದ ಸಿಎಲ್‌ಇ ಕೂಪೆಗೆ ನಡುಗಂಬ ಇದೆ, ಹಿಂದಿನ ಗಾಜು ಇಳಿಯಲ್ಲ. ಕೂಪೆ ಕೊಳ್ಳುವವರೇ ಕಮ್ಮಿ, ಎಲ್ಲರಿಗೂ ಎಸ್‌ಯುವಿ ಬೇಕು. ಲೆಕ್ಕ ನನಗೂ ಅರ್ಥ ಆಗುತ್ತೆ. ಆದರೂ ಅಷ್ಟು ದುಡ್ಡು ತಗೊಂಡು ಹಿಂದಿನ ಗಾಜನ್ನೂ ಇಳಿಸಕ್ಕೆ ಬಿಡಲ್ಲ ಅಂದ್ರೆ ಹೇಗೆ ಸ್ವಾಮಿ? ಚಾವಣಿಗೆಲ್ಲ ಗಾಜು ಹಾಕುತ್ತೀರಿ, ಡ್ಯಾಶ್‌ಬೋರ್ಡ್ ಪೂರ್ತಿ ಸ್ಕ್ರೀನ್ ಮಾಡುತ್ತೀರಿ. ಒಂದು ಗ್ಲಾಸು, ಒಂದು ಮೋಟಾರ್, ಒಂದು ರಬ್ಬರ್ ಬೀಡಿಂಗ್. ಇಷ್ಟೇ ಕೇಳುತ್ತಿರೋದು.

ನಿಮ್ಮೂರಲ್ಲಿ ಯಾರದಾದರೂ ಶೆಡ್ಡಿನಲ್ಲಿ ನಿಜವಾದ ಹಾರ್ಡ್‌ಟಾಪ್ ನಿಂತಿದ್ದರೆ ಕಾಮೆಂಟಿನಲ್ಲಿ ಫೋಟೋ ಹಾಕಿ. ಮುಂದಿನಿಂದ ಬೇಡ, ಪಕ್ಕದಿಂದ ತೆಗೀರಿ. ನಾಲ್ಕೂ ಗ್ಲಾಸ್ ಇಳಿಸಿ.