ಎಷ್ಟು ಮರಿ ಬಿಟ್ರಿ ಅನ್ನೋದು ಇರಲಿ, ಎಷ್ಟು ಕೆಜಿ ಹಿಡಿದ್ರಿ?

ಬೆಳಿಗ್ಗೆಯಿಂದ ಮೂರು ವಾಟ್ಸಾಪ್ ಗುಂಪಲ್ಲಿ ಒಂದೇ ವಿಡಿಯೊ. ಕೃಷಿ ಹೊಂಡದ ದಡದಲ್ಲಿ ಹತ್ತಿಪ್ಪತ್ತು ಜನ, ಕೈಯಲ್ಲಿ ಮೀನುಮರಿಯ ಪ್ಲಾಸ್ಟಿಕ್ ಚೀಲ, ಹಿಂದೆ ಡ್ರೋನ್ ಸದ್ದು. ಮೇಲಿಂದ ಮಾರುದ್ದ ಎತ್ತರದಿಂದ ಮರಿಗಳನ್ನ ಸುರೀತಾರೆ. ಚಪ್ಪಾಳೆ. ಕೆಳಗೆ ದಪ್ಪಕ್ಷರದಲ್ಲಿ: "3,000 ಮೀನುಮರಿ! ಒಂದು ಹೊಂಡದಿಂದ ವರ್ಷಕ್ಕೆ 3 ಲಕ್ಷ!"

ಹೊಂಡದ ಅಳತೆಯನ್ನೂ ಅವರೇ ಹೇಳ್ತಾರೆ. 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳ. ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡ ತೋಡಿಸಿದವರಿಗೆ ಗೊತ್ತಿರೋ ಅಳತೆಯೇ. 441 ಚದರ ಮೀಟರ್, ಅಂದ್ರೆ ನಾಲ್ಕೂವರೆ ಗುಂಟೆಯೂ ಇಲ್ಲ. ಅದರಲ್ಲಿ ಮೂರು ಸಾವಿರ ಮರಿ! ಬಸ್‌ಸ್ಟ್ಯಾಂಡಿನ ಕಕ್ಕಸಲ್ಲಿ ಮದುವೆ ಮಾಡ್ತೀವಿ ಅಂದ ಹಾಗಾಯ್ತು.

ಗೆಂಡೆ ಮೀನು (ಕಾಟ್ಲಾ, ರೋಹು ಜಾತಿಯವು) ಸಾಕೋರು ಬಾಯಿಪಾಠ ಮಾಡಿಕೊಳ್ಳೋ ಲೆಕ್ಕ ಹೆಕ್ಟೇರಿಗೆ ಐದಾರು ಸಾವಿರ ಬಲಿತ ಮರಿ. ನಮ್ಮ ಭಾಷೆಗೆ ಇಳಿಸಿದ್ರೆ ಗುಂಟೆಗೆ ಐವತ್ತು, ಹೆಚ್ಚಂದ್ರೆ ಅರವತ್ತು. ಅದೂ ನೀರಿನ ಮೇಲ್ಮೈ ಲೆಕ್ಕ, ಹೊಂಡದ ಬಾಯಿಯ ಲೆಕ್ಕ ಹಿಡೀಬಾರದು. ಹೊಂಡದ ಗೋಡೆ ಇಳಿಜಾರಲ್ವಾ? ಇಳಿಜಾರು ಒಂದಕ್ಕೊಂದು (ಮೀಟರ್ ಆಳಕ್ಕೆ ಮೀಟರ್ ಒಳಗೆ) ಇದ್ರೆ ತಳ 15 ಮೀಟರಿಗೆ 15 ಮೀಟರ್ ಅಷ್ಟೇ. ನೀರು ಅರ್ಧಕ್ಕೆ ಇಳಿದಾಗ ಮೇಲ್ಮೈ 18ಕ್ಕೆ 18, ಮೂರು ಗುಂಟೆ ಚಿಲ್ಲರೆ. ಹಾಗಾಗಿ ಇಂಥ ಹೊಂಡಕ್ಕೆ ಇನ್ನೂರು ಮರಿ. ಎರಡರ ಮುಂದೆ ಎರಡೇ ಸೊನ್ನೆ.

"ಅಯ್ಯೋ, ಇನ್ನೂರೇನಾ?" ಅಂತ ಮುಖ ಸಣ್ಣ ಮಾಡ್ಕೋತಾರೆ ಜನ. ಮೂರು ಸಾವಿರ ಬಿಟ್ಟೋರ ಕಥೆ ಏನಾಗುತ್ತೆ ಗೊತ್ತಾ? ಸಂತೆಗೆ ತಂದು ಕೊಡೋ "ಮರಿ" ಮುಕ್ಕಾಲು ಪಾಲು ಇಂಚುದ್ದದ್ದು. ಅದನ್ನ ಕಪ್ಪಲ್ಲಿ ಅಳೆದು "ಸಾವಿರ" ಅಂತಾರೆ, ಎಣಿಸಿದೋರು ಯಾರೂ ಇಲ್ಲ. ಇಂಚುದ್ದದ ಮರಿಯನ್ನ ಕಪ್ಪೆ ತಿನ್ನುತ್ತೆ, ನೀರುಹಾವು ತಿನ್ನುತ್ತೆ, ಮಿಂಚುಳ್ಳಿ ತಿನ್ನುತ್ತೆ, ನೀರುಕಾಗೆ ಬಂದ್ರೆ ಮುಗೀತು. ಉಳಿದ ಏಳೆಂಟು ನೂರು ಒಂದರ ಅನ್ನ ಒಂದು ಕಿತ್ಕೊಂಡು ಹತ್ತು ತಿಂಗಳಾದ್ರೂ ನೂರು ಗ್ರಾಂ ದಾಟಲ್ಲ. ಮೈತುಂಬ ಮುಳ್ಳಿರೋ ನೂರು ಗ್ರಾಮಿನ ಕಾಟ್ಲಾ ಯಾರು ಕೊಳ್ತಾರೆ? ಆಮೇಲೆ "ಮೀನು ನಮ್ಮ ಊರ ನೀರಿಗೆ ಆಗಲ್ಲ ಕಣಣ್ಣ" ಅಂತ ಹೊಂಡಕ್ಕೆ ಬೆನ್ನು ತಿರುಗಿಸ್ತಾರೆ. ನೀರಿನ ತಪ್ಪೇನಿತ್ತು ಪಾಪ.

1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಅವರು ಮೀನಿನ ಮಿದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ನಮ್ಮ ಗೆಂಡೆ ಮೀನಿಂದ ಮೊಟ್ಟೆ ಇಡಿಸಿದ್ರು. ಅದಕ್ಕೇ ಆ ದಿನ ಮೀನು ಕೃಷಿಕರ ದಿನ. ಅಲ್ಲಿವರೆಗೆ ಹೆಚ್ಚಾಗಿ ಮಳೆಗಾಲದ ಹೊಳೆಯಲ್ಲಿ ಬಲೆ ಕಟ್ಟಿ ಮರಿ ಹಿಡೀಬೇಕಿತ್ತು, ಅದರಲ್ಲಿ ಯಾವ ಜಾತಿ ಎಷ್ಟು ಅಂತಲೇ ಗೊತ್ತಾಗ್ತಿರಲಿಲ್ಲ. ಈಗ ಮರಿ ಸಲೀಸಾಗಿ ಸಿಗುತ್ತೆ. ಸಲೀಸಾಗಿ ಸಿಗುತ್ತೆ ಅಂತ ಮಣ್ಣಿನ ಥರ ಸುರಿಯೋದೇನು?

ಇನ್ನೂರು ಮರಿ ಅಂದೆನಲ್ಲ, ಅದನ್ನ ಆರಿಸೋದು ಹೇಗೆ ಅಂತ ಹೇಳ್ತೀನಿ. ಕೈಬೆರಳಿನಷ್ಟು ಉದ್ದ ಇರಬೇಕು, 8ರಿಂದ 10 ಸೆಂಟಿಮೀಟರ್. ಕಾಟ್ಲಾ 80, ರೋಹು 60, ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) 60. ಕಾಟ್ಲಾ ಮೇಲ್ನೀರಲ್ಲಿ ಮೇಯುತ್ತೆ, ರೋಹು ನಡುನೀರಲ್ಲಿ, ಸಾಮಾನ್ಯ ಗೆಂಡೆ ತಳದಲ್ಲಿ. ಬದುವಿನ ಮೇಲೆ ನೇಪಿಯರ್ ಹುಲ್ಲಿದ್ರೆ ಹತ್ತು ಹುಲ್ಲುಗೆಂಡೆ ಸೇರಿಸಿ, ಅದರ ಹಿಕ್ಕೆಯೇ ಹೊಂಡಕ್ಕೆ ಗೊಬ್ಬರ. ಆಫ್ರಿಕನ್ ಕ್ಯಾಟ್‌ಫಿಶ್ ಬೇಗ ಬೆಳೆಯುತ್ತೆ ಅಂತ ಯಾರಾದ್ರೂ ಕಿವಿಯಲ್ಲಿ ಉಸುರಿದ್ರೆ ಕೈಮುಗಿದು ಕಳಿಸಿ. ಅದರ ಸಾಕಣೆಗೆ ನಿಷೇಧ ಇದೆ, ಒಮ್ಮೆ ಕೆರೆಗೆ ಹಾರಿತು ಅಂದ್ರೆ ಊರ ಮೀನನ್ನೆಲ್ಲ ನುಂಗುತ್ತೆ.

ಆ ವಿಡಿಯೊದಲ್ಲಿ ನನ್ನ ಹೊಟ್ಟೆ ಉರಿಸಿದ್ದು ಆ ಸುರಿಯೋ ದೃಶ್ಯ. ಚೀಲದೊಳಗಿನ ನೀರಿನ ಬಿಸಿಯೇ ಬೇರೆ, ಹೊಂಡದ ಬಿಸಿಯೇ ಬೇರೆ. ಚೀಲವನ್ನ ಬಾಯಿ ಕಟ್ಟಿದ ಹಾಗೇ ಹೊಂಡದ ನೀರ ಮೇಲೆ ಹದಿನೈದು-ಇಪ್ಪತ್ತು ನಿಮಿಷ ತೇಲಿಬಿಡಬೇಕು. ಆಮೇಲೆ ಬಾಯಿ ಬಿಚ್ಚಿ ಒಂದೊಂದೇ ಲೋಟ ಹೊಂಡದ ನೀರು ಒಳಗೆ ಹಾಕಿ, ಚೀಲ ಓರೆ ಮಾಡಿ ಸುಮ್ಮನೆ ಹಿಡ್ಕೊಂಡು ನಿಂತ್ರೆ ಮರಿಗಳು ತಾವೇ ಈಜಿ ಹೊರಗೆ ಹೋಗ್ತವೆ. ತಂಪು ಹೊತ್ತಲ್ಲಿ, ಬೆಳಿಗ್ಗೆ ಇಲ್ಲಾ ಸಂಜೆ. ಇದರಲ್ಲಿ ಚಪ್ಪಾಳೆಗೆ ಜಾಗ ಇಲ್ಲ, ಡ್ರೋನಿಗಂತೂ ಇಲ್ಲವೇ ಇಲ್ಲ.

ಪ್ಲಾಸ್ಟಿಕ್ ಹೊದಿಕೆ ಹಾಕಿದ ಹೊಂಡದ್ದು ಇನ್ನೊಂದು ಗೋಳು. ಕಪ್ಪುಮಣ್ಣಿನ ಕಡೆ ಹೊದಿಕೆ ಇಲ್ಲದೆ ನೀರು ನಿಲ್ಲುತ್ತೆ. ಕೋಲಾರ, ತುಮಕೂರಿನ ಕೆಮ್ಮಣ್ಣಲ್ಲಿ ಹೊದಿಕೆ ಹಾಕ್ದಿದ್ರೆ ನೀರೇ ಇರಲ್ಲ. ಆದ್ರೆ ಹೊದಿಕೆ ಹಾಕಿದ ಮೇಲೆ ನೀರಿಗೂ ಮಣ್ಣಿಗೂ ಸಂಬಂಧ ಕಡಿದು ಹೋಯ್ತಲ್ಲ! ಪಾಚಿ, ಹುಳ, ತಳದ ಕೆಸರಿನ ಮೇವು ಯಾವುದೂ ತಾನಾಗಿ ಹುಟ್ಟಲ್ಲ. ನೀರು ಗಾಜಿನ ಥರ ಫಳಫಳ ಅನ್ನುತ್ತೆ, ಮೀನು ಉಪವಾಸ. ಅದಕ್ಕೆ ತಳಕ್ಕೆ ಗೇಣುದ್ದ ಕಲ್ಲಿಲ್ಲದ ಮಣ್ಣು ಹರಡಬೇಕು, ಹತ್ತು ಕೆಜಿ ಸುಣ್ಣ ನೆನೆಸಿ ಎರಚಬೇಕು, ವಾರ ಬಿಟ್ಟು ನೂರು ಕೆಜಿಯಷ್ಟು ಸಗಣಿ ಕದಡಿ ಹಾಕಬೇಕು. ಹತ್ತು ಹದಿನೈದು ದಿನಕ್ಕೆ ನೀರು ಹಸಿರಿಗೆ ತಿರುಗುತ್ತೆ. ಆಮೇಲೇ ಮರಿ ತರೋದು. ಇದನ್ನ ಅಳೆಯೋಕೆ ಮಿಷನ್ ಬೇಡ. ಅಂಗಿ ತೋಳು ಮಡಚಿ ಕೈಯನ್ನ ಮೊಳಕೈವರೆಗೆ ನೀರಿಗೆ ಇಳಿಸಿ. ಅಂಗೈ ಚೆನ್ನಾಗಿ ಕಾಣ್ತಿದ್ಯಾ? ಮೇವಿಲ್ಲ, ಸಗಣಿ ಹಾಕಿ. ಮೊಳಕೈ ಮುಳುಗೋ ಹೊತ್ತಿಗೆ ಅಂಗೈ ಮರೆಯಾಯ್ತಾ? ಸರಿಯಾಗಿದೆ. ಮಣಿಕಟ್ಟು ಮುಳುಗೋ ಮೊದಲೇ ಮರೆಯಾಯ್ತಾ? ಅತಿಯಾಯ್ತು, ಸಗಣಿ ನಿಲ್ಲಿಸಿ, ಇಲ್ಲಾಂದ್ರೆ ಮೋಡದ ದಿನ ಮೀನು ಸಾಯುತ್ತೆ.

ಸಾಯೋದು ಯಾವಾಗ ಅಂದ್ರೆ ಬೆಳಗಿನ ಜಾವ. ಪಾಚಿ ಹಗಲು ಪ್ರಾಣವಾಯು ಬಿಡುತ್ತೆ, ರಾತ್ರಿ ಅದೇ ಪಾಚಿ ಎಳ್ಕೊಳ್ಳುತ್ತೆ. ಎರಡು ಮೂರು ದಿನ ಮೋಡ ಮುಚ್ಚಿತು ಅಂದ್ರೆ ನಾಲ್ಕೂವರೆ ಐದು ಗಂಟೆಗೆ ಟಾರ್ಚ್ ಹಿಡಿದು ನೋಡಿ, ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ತೆರೆದು ಗಾಳಿ ಗುಟುಕರಿಸ್ತಿರ್ತವೆ. ಹೆಜ್ಜೆ ಸದ್ದಿಗೂ ಒಳಗೆ ಹೋಗಲ್ಲ. ಅದನ್ನ "ಆಟ ಆಡ್ತಿವೆ" ಅಂತ ವಿಡಿಯೊ ಮಾಡಿ ಹಾಕಿದೋರೂ ಇದಾರೆ, ದೇವರೇ. ಆಗ ಮಾಡೋದಿಷ್ಟು: ಹೊಂಡದ ನೀರನ್ನೇ ಪಂಪಲ್ಲಿ ಎತ್ತಿ ಮೇಲಿಂದ ಚಿಮುಕಿಸೋದು. ಕರೆಂಟಿಲ್ವಾ, ಬಕೆಟಲ್ಲಿ ಎತ್ತಿ ಎತ್ತಿ ಹೊಯ್ಯೋದು. ಆವತ್ತು ತಿಂಡಿಯೂ ಬೇಡ, ಸಗಣಿಯೂ ಬೇಡ.

ಮೇವಿನ ಲೆಕ್ಕ ಹೇಳಿದ್ರೆ ಲಕ್ಷದ ಕನಸು ಇನ್ನಷ್ಟು ಕರಗುತ್ತೆ. ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸಮಸಮ. ಮೊದಲ ತಿಂಗಳು ಇನ್ನೂರು ಮರಿಗೆ ದಿನಕ್ಕೆ ನೂರು ಗ್ರಾಂ, ಎರಡು ಹಿಡಿ ಅಷ್ಟೇ. ಆರನೇ ತಿಂಗಳ ಹೊತ್ತಿಗೆ ಒಂದು ಕೆಜಿ. ತೂತು ಮಾಡಿದ ಗೊಬ್ಬರದ ಚೀಲಕ್ಕೆ (ಯೂರಿಯಾ ಚೀಲ ಆದ್ರೆ ನಾಲ್ಕು ಸಲ ತೊಳೀರಿ ಮಹರಾಯ್ರೆ) ತುಂಬಿ ಹಗ್ಗ ಕಟ್ಟಿ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಇಳಿಬಿಡಿ. ಎರಡು ಗಂಟೆ ಬಿಟ್ಟು ಎತ್ತಿ ನೋಡಿ. ಉಳಿದಿದ್ರೆ ನಾಳೆ ಕಡಿಮೆ.

ಈಗ ಕೂಡಿ ಕಳೀರಿ. ಇನ್ನೂರರಲ್ಲಿ ನೂರ ನಲವತ್ತು ಉಳಿದವು ಅಂತ ಇಟ್ಕೊಳ್ಳಿ. ಒಂಬತ್ತು ತಿಂಗಳಿಗೆ ಸರಾಸರಿ ಆರುನೂರ ಐವತ್ತು ಗ್ರಾಂ. ತೊಂಬತ್ತು ಕೆಜಿ ಆಯ್ತು. ದಡದಲ್ಲೇ ಕೆಜಿಗೆ 120 ಅಂತ ಹಿಡಿದ್ರೆ ಹತ್ತು ಸಾವಿರದ ಎಂಟುನೂರು. ತೌಡು-ಹಿಂಡಿಗೆ ಐದೂವರೆ ಸಾವಿರ, ಮರಿಗೆ ಗಾಡಿಗೆ ಒಂದು ಸಾವಿರ ತೆಗೀರಿ. ನಾಲ್ಕು ಸಾವಿರ ಚಿಲ್ಲರೆ ಉಳೀತು. ಎಲ್ಲಿ ಸ್ವಾಮಿ ನಿಮ್ಮ ಮೂರು ಲಕ್ಷ?

"ಆಂಧ್ರದೋರು ಮಾಡ್ತಿಲ್ವಾ?" ಅಂತ ಕಾಮೆಂಟಲ್ಲಿ ಒಬ್ರು ಬಂದೇ ಬರ್ತಾರೆ. ಮಾಡ್ತಿದಾರೆ. ಕೊಲ್ಲೇರು ಸರೋವರದ ಸುತ್ತ ಅವರದ್ದು ಎಕರೆಗಟ್ಟಲೆ ಕೊಳ, ಕಾಲುವೆ ನೀರು, ಬಿತ್ತೋದು ವರ್ಷ ತುಂಬಿದ ದೊಡ್ಡ ಮರಿ, ಪಕ್ಕದಲ್ಲೇ ಐಸ್ ಫ್ಯಾಕ್ಟರಿ, ಕೋಲ್ಕತ್ತಕ್ಕೂ ಗುವಾಹಟಿಗೂ ಹೋಗೋ ಲಾರಿ. ನಮ್ಮ ನಾಲ್ಕು ಗುಂಟೆ ಹೊಂಡವನ್ನ ಅದರ ಪಕ್ಕ ನಿಲ್ಲಿಸೋದು ಮೊಪೆಡ್‌ನ ರೈಲಿನ ಜೊತೆ ಓಡಿಸಿದ ಹಾಗೆ. ಇನ್ನು ಬಯೋಫ್ಲಾಕ್ (ಟ್ಯಾಂಕಲ್ಲಿ ಒತ್ತೊತ್ತಾಗಿ ಮೀನು ಸಾಕೋ ಪದ್ಧತಿ) ಅನ್ನೋರಿಗೆ ಒಂದೇ ಪ್ರಶ್ನೆ: ಟ್ಯಾಂಕಿಗೆ ಹಗಲು ರಾತ್ರಿ ಗಾಳಿ ಊದಬೇಕು, ನಿಮ್ಮೂರಲ್ಲಿ ಕರೆಂಟು ಹಗಲು ರಾತ್ರಿ ಇದ್ಯಾ?

ಹಾಗಂತ ಮೀನು ಬಿಡಬೇಡಿ ಅಂತ ನಾನು ಹೇಳ್ತಿಲ್ಲ. ನನ್ನ ಸಿಟ್ಟೇ ಅದಕ್ಕೆ. ನಾಲ್ಕು ಸಾವಿರ ಅಂದ ಕೂಡ್ಲೇ ಜನ ಮುಖ ತಿರುಗಿಸೋ ಹಾಗೆ ಮಾಡಿದ್ದು ಈ ಲಕ್ಷದ ವಿಡಿಯೊಗಳೇ. ಆ ಹೊಂಡ ತೋಡಿದ್ದು ಯಾಕೆ? ಆಗಸ್ಟಲ್ಲಿ ಮಳೆ ಕೈಕೊಟ್ಟಾಗ ರಾಗಿಗೆ ಒಂದೆರಡು ಸಲ ನೀರು ಕೊಡೋಕೆ. ನೀರು ಹೇಗೂ ನಿಂತಿರುತ್ತೆ, ಮೀನು ಅದರ ಮೇಲಿನ ಬಡ್ಡಿ. ಮೀನು ಉಳಿಯೋಕೆ ಎದೆಮಟ್ಟ ನೀರು ಬೇಕು, ರಾಗಿ ಒಣಗ್ತಾ ಇದ್ರೆ ರಾಗಿಗೇ ನೀರು, ಆ ದಿನ ಮೀನನ್ನ ಹಿಡಿದು ಮಾರಿ. ಈ ಲೆಕ್ಕ ಮನೆಯೋರಿಗೆ ಗೊತ್ತಾಗುತ್ತೆ, ರೀಲ್ಸ್ ಮಾಡೋರಿಗೆ ಗೊತ್ತಾಗಲ್ಲ.

ಇನ್ನೊಂದು, ಒಂದೇ ದಿನ ಎಲ್ಲ ಹಿಡಿದು ವ್ಯಾಪಾರಿಗೆ ಕೊಟ್ರೆ ಅವನು ಹೇಳಿದ್ದೇ ರೇಟು. ಐದನೇ ತಿಂಗಳಿಂದ ಹದಿನೈದು ದಿನಕ್ಕೊಮ್ಮೆ ಬೀಸುಬಲೆ ಹಾಕಿ, ಅರ್ಧ ಕೆಜಿ ದಾಟಿದ್ದನ್ನ ಮಾತ್ರ ತೆಗೀರಿ. ಭಾನುವಾರ ಬೆಳಿಗ್ಗೆ ನಾಲ್ಕು ಕೆಜಿ ಹಿಡಿದ್ರೆ ಎರಡು ಕೆಜಿ ಮನೆಗೆ, ಎರಡು ಕೆಜಿ ಅಕ್ಕಪಕ್ಕದೋರಿಗೆ, ಪೇಟೆ ರೇಟಿಗೆ. ಉಳಿದವಕ್ಕೆ ಜಾಗ ಸಿಕ್ಕಿ ದಪ್ಪ ಆಗ್ತವೆ. ವರ್ಷಕ್ಕೆ ಮೂವತ್ತು ಕೆಜಿ ಮನೆ ಸಾರಿಗೆ ಹೋಯ್ತು ಅಂದ್ರೆ ಅದನ್ನ ಯಾವ ಲೆಕ್ಕದಲ್ಲೂ ಬರೆಯಲ್ಲ ಯಾರೂ. ದುಡ್ಡು ಕೊಟ್ಟು ತರೋದಾಗಿದ್ರೆ ಆ ಮನೆಗೆ ಮೂವತ್ತು ಕೆಜಿ ಮೀನು ಬರ್ತಾ ಇತ್ತಾ? ತಿಂಡಿ ಚೀಲ ಇಳಿಬಿಡೋದು, ಸಗಣಿ ಕದಡೋದು ಹೆಚ್ಚಿನ ಮನೇಲಿ ಹೆಂಗಸರೇ, ಭಾನುವಾರದ ಆ ಇನ್ನೂರು ಮುನ್ನೂರು ರೂಪಾಯಿ ಸೆರಗಿನ ಗಂಟಿಗೆ ಹೋಗುತ್ತೆ. ವ್ಯಾಪಾರಿ ಒಟ್ಟಿಗೆ ಕೊಡೋ ಹತ್ತು ಸಾವಿರ ಎಲ್ಲಿಗೆ ಹೋಗುತ್ತೆ ಅಂತ ನಾನು ಬರೆದ್ರೆ ಇಲ್ಲೇ ಜಗಳ ಆಗುತ್ತೆ, ಬಿಡಿ. ಮೀನು ತಿನ್ನದ ಮನೆಯೋರೂ ಮರಿ ಬಿಡ್ತಾರೆ, ದಡದಲ್ಲೇ ಮಾರ್ತಾರೆ, ಅದೂ ಸರಿಯೇ.

ಎರಡು ಮಾತು ಬೈಗುಳದ ಹಾಗೇ ಹೇಳ್ತೀನಿ. ಔಷಧಿ ಹೊಡೆದ ಸ್ಪ್ರೇಯರ್ ಹೊಂಡದಲ್ಲಿ ತೊಳೀಬೇಡಿ. ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ ಒಂದಿಷ್ಟು ಬಿದ್ರೂ ಮೀನೆಲ್ಲ ಬೆಳ್ಳಗೆ ತೇಲುತ್ತೆ. ಮತ್ತೆ ಬೇಲಿ. ಪ್ಲಾಸ್ಟಿಕ್ ಹೊದಿಕೆ ಮೇಲೆ ಪಾಚಿ ಕಟ್ಟಿದ್ರೆ ಬಿದ್ದೋರು ಹತ್ತಿ ಬರೋಕಾಗಲ್ಲ, ಈಜು ಬಂದ್ರೂ ಆಗಲ್ಲ. ಸುತ್ತ ಬೇಲಿ ಹಾಕಿ, ನಾಲ್ಕೂ ಮೂಲೆಗೆ ಗಂಟು ಹಾಕಿದ ಹಗ್ಗ ನೀರಿಗೆ ಇಳಿಬಿಟ್ಟು ಗೂಟಕ್ಕೆ ಬಿಗೀರಿ. ಆ ವಿಡಿಯೊದ ಹೊಂಡಕ್ಕೆ ಬೇಲಿ ಇರಲಿಲ್ಲ. ದಡದಲ್ಲಿ ಮಕ್ಕಳು ನಿಂತಿದ್ರು.

ಜೂನ್-ಜುಲೈಲಿ ಬಿಟ್ಟ ಮರಿ ಯುಗಾದಿ ಹೊತ್ತಿಗೆ ಹದಕ್ಕೆ ಬರುತ್ತೆ. ನೀರೂ ಆಗ ತಳ ಸೇರ್ತಿರುತ್ತೆ, ಹಿಡಿಯೋಕೂ ಸುಲಭ, ಹೊಸತೊಡಕಿಗೆ ಗಿರಾಕಿಗೂ ಬರ ಇಲ್ಲ. ವಿಡಿಯೊ ಮಾಡಿದ ಅಣ್ಣಂದಿರೆ, ಹೊಸತೊಡಕಿನ ಬೆಳಿಗ್ಗೆ ಅದೇ ಹೊಂಡದ ದಡಕ್ಕೆ ಬನ್ನಿ. ಡ್ರೋನ್ ಮನೇಲಿ ಬಿಟ್ಟು ತಕ್ಕಡಿ ತನ್ನಿ. ಲೈವಲ್ಲಿ ನಾನೂ ಇರ್ತೀನಿ.