ಒಂದು ಪುಸ್ತಕ ಕೇಳಿದರೆ ಎರಡು ಕೊಡುತ್ತೇನೆ

ಅಣ್ಣನ ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಆರು ತಿಂಗಳಾಯಿತು. ಕಳೆದ ವಾರ ಫೋನ್ ಮಾಡಿ, "ಅತ್ತೆ, ಕತೆ ಕಾದಂಬರಿ ಬೇಡ. ಬುದ್ಧಿ ಬೆಳೆಯುವಂಥ ಒಂದು ಪುಸ್ತಕ ಹೇಳಿ" ಎಂದಳು. ವ್ಯಕ್ತಿತ್ವ ವಿಕಸನದ ಪುಸ್ತಕಗಳನ್ನು ಆಗಲೇ ನಾಲ್ಕೈದು ಓದಿ ಮುಗಿಸಿದ್ದಾಳಂತೆ. ಎಲ್ಲದರಲ್ಲೂ ಬೆಳಗ್ಗೆ ಐದಕ್ಕೆ ಏಳಬೇಕು ಎಂದೇ ಇದೆಯಂತೆ. ನಮ್ಮ ಬೀದಿಗೆ ಹಾಲು ಹಾಕುವವರು ನಾಲ್ಕಕ್ಕೇ ಏಳುತ್ತಾರೆ, ಅವರನ್ನು ಯಾರೂ ಯಶಸ್ವಿ ವ್ಯಕ್ತಿ ಎಂದು ಕರೆದದ್ದು ಕಾಣೆ ಎಂದೆ. ನಕ್ಕಳು. ನಗಲಿ. ಅಂಥ ಒಂದು ಪುಸ್ತಕವನ್ನು ನಂಬಿ ಹನ್ನೊಂದು ದಿನ ಐದಕ್ಕೆ ಎದ್ದು, ಹನ್ನೆರಡನೆಯ ದಿನ ತರಗತಿಯಲ್ಲಿ ಆಕಳಿಸುತ್ತ ನಿಂತವಳು ನಾನು.

ಅವಳು ಒಂದು ಕೇಳಿದಳು, ನಾನು ಎರಡು ಹೇಳಿದೆ. ಇದು ನನ್ನ ಹಳೆಯ ಚಾಳಿ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟಿದ್ದೇನೆ. ಎರಡು ಚರಾಕ್ಷರಗಳಿದ್ದರೆ ಎರಡು ಸಮೀಕರಣ ಬೇಕು, ಒಂದನ್ನೇ ಹಿಡಿದು ಕುಳಿತರೆ ಎಷ್ಟು ಉತ್ತರ ಬೇಕಾದರೂ ಬರುತ್ತದೆ ಎಂದು ಎಷ್ಟು ಮಕ್ಕಳಿಗೆ ಹೇಳಿದೆನೋ ಲೆಕ್ಕವಿಲ್ಲ. ಅದೇ ಮಾತನ್ನು ನನ್ನ ಓದಿಗೆ ಅನ್ವಯಿಸಿಕೊಳ್ಳಲು ಮಾತ್ರ ಬಹಳ ಕಾಲ ಹಿಡಿಯಿತು.

ನಮ್ಮ ಮನೆಯಲ್ಲಿ ಡಿ.ವಿ.ಜಿ.ಯವರ 'ಜ್ಞಾಪಕ ಚಿತ್ರಶಾಲೆ'ಗೆ ದೇವರ ಕೋಣೆಗಿಂತ ಒಂದೇ ಮೆಟ್ಟಿಲು ಕೆಳಗಿನ ಸ್ಥಾನವಿತ್ತು. ಎಂಟು ಸಂಪುಟಗಳು. ಅಪ್ಪ ರಾತ್ರಿ ಊಟದ ನಂತರ ಅದರಿಂದ ಒಂದೆರಡು ಪುಟ ಗಟ್ಟಿಯಾಗಿ ಓದುತ್ತಿದ್ದರು. ಮೈಸೂರಿನ ದಿವಾನರು, ವೀಣೆ ಶೇಷಣ್ಣನಂಥ ಕಲಾವಿದರು, ವೈದಿಕರು, ಮುಳಬಾಗಿಲಿನ ನೆರೆಹೊರೆಯವರು ಎಲ್ಲರೂ ನಮ್ಮ ಜಗಲಿಯಲ್ಲೇ ಕುಳಿತು ಎದ್ದು ಹೋದಂತೆ ಅನ್ನಿಸುತ್ತಿತ್ತು. ಇನ್ನೊಬ್ಬರಲ್ಲಿರುವ ಒಳ್ಳೆಯದನ್ನು ಅಷ್ಟು ರುಚಿಯಿಂದ ಬರೆದವರು ಕನ್ನಡದಲ್ಲಿ ಕಡಿಮೆ. ಆ ಪುಟಗಳಿಂದ ನಾನು ಕಲಿತದ್ದು ಬಹಳ. ಜೊತೆಗೆ, ನಮ್ಮ ಹಳೆಯ ಮೈಸೂರು ಎಂದರೆ ಇಷ್ಟೇ, ಸಜ್ಜನರು ತುಂಬಿದ ಒಂದು ದೊಡ್ಡ ಜಗಲಿ ಎಂದೂ ನಂಬಿಬಿಟ್ಟಿದ್ದೆ.

ಆಮೇಲೆ ಒಂದು ದಿನ ಶಾಲೆಯ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ದಲಿತ ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರು ಕೇರಿ'ಯನ್ನು ಕೈಗಿತ್ತರು. ತೆಳ್ಳಗಿನ ಪುಸ್ತಕ, ಬಿಡುವಿನ ಅವಧಿಯಲ್ಲಿ ಮುಗಿಸಿಬಿಡೋಣ ಎಂದು ತೆರೆದೆ. ಆರಂಭದಲ್ಲೇ ಒಂದು ನೋಟವಿದೆ. ಹೊಲದಲ್ಲಿ ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತಿದ್ದಾರೆ, ಹಿಂದಿನಿಂದ ಮೂರನೆಯವನು ಉಳುತ್ತಿದ್ದಾನೆ. ನೊಗ ಹೊತ್ತವರಲ್ಲಿ ಒಬ್ಬರು, ನೋಡುತ್ತಿರುವ ಹುಡುಗನ ಅಪ್ಪ. ಬೈಗುಳವಿಲ್ಲ, ಗೋಳಾಟವಿಲ್ಲ. ಹುಡುಗ ಕಂಡದ್ದನ್ನು ಹೇಳಿ ಮುಂದಕ್ಕೆ ಹೋಗುತ್ತಾನೆ. ಮುಂದೆ ಪುಸ್ತಕ ನಗಿಸುತ್ತದೆ ಕೂಡ, ಅದೂ ಹೊಟ್ಟೆ ಹಿಡಿದುಕೊಳ್ಳುವಷ್ಟು. ಆದರೆ ಆ ಅವಧಿಯಲ್ಲಿ ನಾನು ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ.

ಆ ಹುಡುಗನ, ಅಂದರೆ ಸಿದ್ಧಲಿಂಗಯ್ಯನವರ, ಊರು ಮಂಚನಬೆಲೆ ಇರುವುದು ಮಾಗಡಿ ಸೀಮೆಯಲ್ಲಿ. ಅದೂ ಹಳೆಯ ಮೈಸೂರೇ. ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ. ಸಿದ್ಧಲಿಂಗಯ್ಯನವರ ಕವನ ಸಂಕಲನ 'ಹೊಲೆಮಾದಿಗರ ಹಾಡು' ಅಚ್ಚಾದದ್ದೂ ಅದೇ 1975ರಲ್ಲಿ. ಒಬ್ಬರ ಬಸವನಗುಡಿ, ಇನ್ನೊಬ್ಬರ ಶ್ರೀರಾಮಪುರ ಎರಡೂ ಒಂದೇ ಬೆಂಗಳೂರಿನವು, ಸಿಟಿ ಬಸ್ಸಿನಲ್ಲಿ ಹೋಗಿಬರುವಷ್ಟು ದೂರ. ನಮ್ಮ ಮನೆಯ ಕಪಾಟಿನಲ್ಲಿ ಮಾತ್ರ ಆ ಬಸ್ಸು ಓಡಿರಲಿಲ್ಲ. 'ಊರು ಕೇರಿ' ಓದಿದ ಮೇಲೆ ಡಿ.ವಿ.ಜಿ.ಯವರನ್ನು ಪಕ್ಕಕ್ಕಿಟ್ಟೆನೇ ಎಂದು ಕೆಲವರು ಕೇಳಿದ್ದುಂಟು. ಇಲ್ಲ, ಈಗಲೂ ಓದುತ್ತೇನೆ. ಆದರೆ ಆ ಜಗಲಿಯ ಮೇಲೆ ಯಾರು ಕುಳಿತಿದ್ದರು ಎಂಬುದರ ಜೊತೆಗೆ, ಮೆಟ್ಟಿಲಾಚೆ ಯಾರು ನಿಂತಿದ್ದರು ಎಂದೂ ಹುಡುಕುತ್ತ ಓದುತ್ತೇನೆ. ಅಪ್ಪ ಇದ್ದಿದ್ದರೆ ಇದನ್ನು ಅವರ ಜೊತೆ ಮಾತನಾಡಬಹುದಿತ್ತು. ಒಂದಿಷ್ಟು ಸಿಟ್ಟಾಗುತ್ತಿದ್ದರೇನೋ.

ಅಂದಿನಿಂದ ಈ ಜೋಡಿ ಓದಿನ ಹುಚ್ಚು. ಕುವೆಂಪು ಅವರ 'ನೆನಪಿನ ದೋಣಿಯಲ್ಲಿ' ಕೈಗೆತ್ತಿಕೊಂಡವರಿಗೆ ತೇಜಸ್ವಿಯವರ 'ಅಣ್ಣನ ನೆನಪು' ತಪ್ಪದೆ ಕೊಡುತ್ತೇನೆ. ಮೊದಲನೆಯದರಲ್ಲಿ ಕವಿ ತನ್ನನ್ನು ತಾನು ನೋಡಿಕೊಂಡಿದ್ದಾನೆ. ಎರಡನೆಯದರಲ್ಲಿ ಅದೇ ಕವಿಯನ್ನು ಮಗ ನೋಡಿದ್ದಾನೆ, ಅದೂ ಅಪ್ಪನಿಗೆ ಸಾಕಷ್ಟು ತಲೆನೋವು ಕೊಟ್ಟ ಮಗ. ಲಂಕೇಶರ ಆತ್ಮಕಥೆಯ ಹೆಸರು 'ಹುಳಿಮಾವಿನ ಮರ'. ಇಂದಿರಾ ಲಂಕೇಶ್ ಬರೆದದ್ದು 'ಹುಳಿಮಾವು ಮತ್ತು ನಾನು'. ಆ 'ಮತ್ತು ನಾನು' ಎಂಬ ಎರಡು ಪದಗಳಿಗಾಗಿಯೇ ಎರಡನ್ನೂ ಒಟ್ಟಿಗೆ ಕೊಳ್ಳಬೇಕು. ಕಾರಂತರ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಓದಿದವರಿಗೆ ಜೋಡಿ ಇಂಗ್ಲಿಷಿನಲ್ಲಿದೆ, ಮೂವರು ಮಕ್ಕಳು ಸೇರಿ ಬರೆದ 'ಗ್ರೋಯಿಂಗ್ ಅಪ್ ಕಾರಂತ್'. ಕಾಲೇಜು ಬಿಟ್ಟು, ಪತ್ರಿಕೆ ನಡೆಸಿ, ನಾಟಕ ಆಡಿಸಿ, ಮೂಕಿ ಚಿತ್ರ ತೆಗೆದ ಮನುಷ್ಯ ಮನೆಯಲ್ಲಿ ಎಂಥ ಅಪ್ಪನಾಗಿದ್ದ ಎಂಬ ಕುತೂಹಲ ಯಾರಿಗಿಲ್ಲ?

ಎಲ್ಲವೂ ಆತ್ಮಕಥೆಗಳೇ ಆದವಲ್ಲ ಎಂದು ಹುಡುಗಿ ಆಕ್ಷೇಪಿಸಿದಳು. ಸರಿ, ಹಾಗಾದರೆ ಬಿ.ಜಿ.ಎಲ್. ಸ್ವಾಮಿ. ಡಿ.ವಿ.ಜಿ.ಯವರ ಮಗ, ಸಸ್ಯವಿಜ್ಞಾನಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳಿದವರು. ವಿದ್ಯಾರ್ಥಿಗಳೊಂದಿಗೆ ಕಾಡು ಅಲೆದು ಬರೆದ 'ಹಸುರು ಹೊನ್ನು'ವಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ನಾನು ಮೊದಲು ಕೊಡುವುದು ಅವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'. ಆಲೂಗಡ್ಡೆ, ಟೊಮ್ಯಾಟೊ, ಮೆಣಸಿನಕಾಯಿ ಎಲ್ಲವೂ ಹಡಗು ಹತ್ತಿ ಬಂದ ನೆಂಟರು. ಮೆಣಸಿನಕಾಯಿಗೆ ಹೆಸರನ್ನೂ ನಮ್ಮ ಕಾಳುಮೆಣಸಿನಿಂದ ಸಾಲ ಕೊಟ್ಟೆವು.

ಈ ಪುಸ್ತಕಕ್ಕೆ ಜೋಡಿ ಇನ್ನೊಂದು ಪುಸ್ತಕವಲ್ಲ, ನಮ್ಮ ಮನೆಯ ತಿಥಿಯ ಅಡುಗೆ. ಅಜ್ಜಿ ಆ ದಿನ ಆಲೂಗಡ್ಡೆ, ಟೊಮ್ಯಾಟೊ, ಮೆಣಸಿನಕಾಯಿಗಳನ್ನು ಒಳಕ್ಕೇ ಬಿಡುತ್ತಿರಲಿಲ್ಲ. ಬಾಳೆಕಾಯಿ, ಸುವರ್ಣಗೆಡ್ಡೆ, ಖಾರಕ್ಕೆ ಮೆಣಸು. ಏಕೆಂದು ಕೇಳಿದರೆ "ಪಿತೃಗಳಿಗೆ ಆಗುವುದಿಲ್ಲ" ಎನ್ನುತ್ತಿದ್ದಳು. ಸ್ವಾಮಿಯವರನ್ನು ಓದಿದ ಮೇಲೆ ಹೊಳೆಯಿತು: ಪೋರ್ಚುಗೀಸರ ಹಡಗು ಬರುವ ಮೊದಲು ತೀರಿಕೊಂಡ ಪಿತೃಗಳು ಈ ತರಕಾರಿಗಳನ್ನು ಕಂಡೇ ಇರಲಿಲ್ಲ! ನಾನೂರೈನೂರು ವರ್ಷಗಳ ಹಿಂದಿನ ಒಂದು ಅಡುಗೆಮನೆ ನಮ್ಮಲ್ಲಿ ವರ್ಷಕ್ಕೊಂದು ದಿನ ಬಾಗಿಲು ತೆರೆಯುತ್ತಿತ್ತು. ಅದನ್ನು ಮಡಿ ಎಂದು ಮೂಗು ಮುರಿದವಳು ನಾನು. ಅಜ್ಜಿಗೂ ಕಾರಣ ಗೊತ್ತಿರಲಿಲ್ಲ ಎಂಬುದು ಬೇರೆ ಮಾತು.

ಮುಂದಿನ ತಿಂಗಳು ಅಪ್ಪನ ತಿಥಿ. ರಜೆ ಹಾಕಿ ಬರುತ್ತೇನೆ ಎಂದಿದ್ದಾಳೆ. ಪುಸ್ತಕವನ್ನು ಅಂಚೆಯಲ್ಲಿ ಕಳುಹಿಸಿದ್ದೇನೆ, ಬರುವ ಹೊತ್ತಿಗೆ ಓದಿ ಮುಗಿಸಬೇಕು. ಸಾರಿಗೆ ಮೆಣಸು ಕುಟ್ಟುವ ಕೆಲಸ ಈ ಸಲ ಅವಳದ್ದು.